ಬೆಳಗಿನ ಐದೂವರೆಯ ಕರೆಂಟು

ಆಡಿಟ್‌ನವರು ನನ್ನ ಬೆಳಗನ್ನು ಕಿತ್ತುಕೊಳ್ಳಲಿಲ್ಲ. ನಾನೇ ಬಾಯಿಬಿಟ್ಟು ಕೊಟ್ಟೆ. ಆಮೇಲೆ ಮಗಳು ಒಂದು ಹೇಳಿದಳು, ಪಕ್ಕದ ಮನೆಯಾಕೆ ಒಂದು ಹೇಳಿದಳು. ಪಾಪ ಅಜ್ಜಿ ಎಂದರು, ಆ ಇಂಜಿನಿಯರ್ ಹುಡುಗಿ ನಂಬಿಸಿ ಕತ್ತು ಕೊಯ್ದಳು ಎಂದರು. ಯಾವುದೂ ನಿಜವಲ್ಲ. ಆ ಹುಡುಗಿ ತನ್ನ ಕೆಲಸ ಮಾಡಿದಳು, ಚೆನ್ನಾಗಿಯೇ ಮಾಡಿದಳು. ತಪ್ಪು ನನ್ನದು. ಒಪ್ಪಿಕೊಂಡವಳೂ ನಾನೇ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಾಲ್ಕು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ನಾನು ಕಸ ಗುಡಿಸಿ, ನೆಲ ಒರೆಸಿ, ಕಕ್ಕಸು ತೊಳೆಯುತ್ತೇನೆ. ಎಂಟು ವರ್ಷವಾಯಿತು. ಕೆಳಗೆ ಇನ್ಶೂರೆನ್ಸಿನವರು, ಮೊದಲನೆಯ ಮಹಡಿಯಲ್ಲಿ ಲೆಕ್ಕ ಬರೆಯುವ ಆಡಿಟರುಗಳು, ಎರಡನೆಯದರಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ದಿನವೆಲ್ಲ ಫೋನಿನಲ್ಲಿ ಮಾತಾಡುವ ಹುಡುಗಿಯರು, ಮೂರನೆಯದರಲ್ಲಿ ದೊಡ್ಡ ಮೇಜಿನ ಮೀಟಿಂಗ್ ಹಾಲು. ನನ್ನ ಡ್ಯೂಟಿ ಬೆಳಗ್ಗೆ ಏಳೂವರೆಗೆ ಎಂದು ಬರೆದಿತ್ತು. ನಾನು ಹೋಗುತ್ತಿದ್ದದ್ದು ಐದೂವರೆಗೆ.

ಯಾರೂ ಬಾ ಎಂದಿರಲಿಲ್ಲ. ಗಂಡ ಸತ್ತ ಮೇಲೆ ಕಡಬದಿಂದ ಬಂದು ಸದಾಶಿವನಗರದಲ್ಲಿ ಮಹಡಿ ಮೇಲಿನ ಒಂದು ರೂಮು ಹಿಡಿದಿದ್ದೆ. ಕುಣಿಗಲ್‌ನಲ್ಲಿರುವ ಮಗಳು ಬಂದಿರು ಅನ್ನುತ್ತಾಳೆ. ಹೋಗಿ ಎರಡು ತಿಂಗಳು ಇದ್ದು ನೋಡಿದೆ. ಪಾತ್ರೆ ತೊಳೆಯಲು ಕೈ ಹಾಕಿದರೆ ಬೇಡ ಅನ್ನುತ್ತಾಳೆ, ಟೀವಿ ಮುಂದೆ ಕೂರಿಸುತ್ತಾಳೆ. ಟೀವಿಯಲ್ಲಿ ಅಳುವವರನ್ನು ನೋಡುವುದಕ್ಕೆ ನನಗೆ ಪುರಸೊತ್ತಿಲ್ಲ. ವಾಪಸು ಬಂದೆ. ಆದರೆ ರೂಮಿನಲ್ಲೂ ಒಂದು ತಾಪತ್ರಯ ಇತ್ತು. ನಾಲ್ಕೂವರೆಗೆಲ್ಲ ಎಚ್ಚರವಾಗುತ್ತಿತ್ತು. ಎಚ್ಚರವಾದ ಮೇಲೆ ಸೂರು ನೋಡುತ್ತ ಬಿದ್ದಿರುವುದು ನನ್ನಿಂದ ಆಗುವುದಿಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಡಬ್ಬಿಗೆ ರಾತ್ರಿಯ ಚಿತ್ರಾನ್ನ ತುಂಬಿಕೊಂಡು ನಡೆದುಬಿಡುತ್ತಿದ್ದೆ.

ಏಳಕ್ಕೆ ಮುಂಚೆ ಷಟರ್ ತೆಗೆಯಬಾರದು ಎಂದು ವಾಚ್‌ಮನ್ನಿಗೆ ಆರ್ಡರ್ ಇತ್ತು. ವಾಚ್‌ಮನ್ ದೇವರಾಯನದುರ್ಗದ ದಾರಿಯಲ್ಲಿರುವ ಒಂದು ಹಳ್ಳಿಯವನು, ನನಗಿಂತ ಏಳೆಂಟು ವರ್ಷ ಚಿಕ್ಕವನು. ರಾತ್ರಿ ಎಂಟಕ್ಕೆ ಬಂದರೆ ಬೆಳಗ್ಗೆ ಎಂಟಕ್ಕೆ ಹೋಗುವುದು. ನಾನು ಷಟರ್ ಬಡಿಯುವುದು, ಅವನು ಗೊಣಗಿಕೊಂಡು ಎತ್ತುವುದು, ಇದು ಎಂಟು ವರ್ಷದ ಪಾಠ.

“ಕೋಳಿನೂ ಇನ್ನ ಕೂಗಿಲ್ಲ, ನೀನ್ ಬಂದ್ಬುಟ್ಟೆ” ಎನ್ನುತ್ತಿದ್ದ.

“ನಿನ್ ಗೊರಕೆ ಕೇಳ್ಕಂಡು ಎದ್ದೆ ಕಣ್ಲಾ. ಸದಾಶಿವನಗರದ ತಂಕ ಕೇಳುಸ್ತದೆ.”

“ಹಂಗಾರೆ ಕಿವಿಗೆ ಹತ್ತಿ ಇಟ್ಕಳಕ್ಕ.”

ಅಷ್ಟೇ. ಅವನು ಮತ್ತೆ ಕುರ್ಚಿಯಲ್ಲಿ ಮುದುರಿಕೊಳ್ಳುತ್ತಿದ್ದ, ನಾನು ಬಕೆಟ್ ಎತ್ತಿಕೊಂಡು ಮೇಲೆ ಹತ್ತುತ್ತಿದ್ದೆ. ಕೆಲವು ದಿನ ನಾನು ಆಡಿದ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು. ಆಮೇಲೆ ಸಂಜೆಯ ತನಕ ಬಾಯಿ ತೆರೆದದ್ದು ಊಟಕ್ಕೆ ಮಾತ್ರ.

ಈಗ ತಪ್ಪಿನ ವಿಷಯ. ಮೇಲೆ ಹತ್ತಿದವಳೇ ನಾನು ಕಟ್ಟಡದ ಎಲ್ಲ ಸ್ವಿಚ್ಚೂ ಹಾಕುತ್ತಿದ್ದೆ. ಒಂದು ಮಹಡಿ ಗುಡಿಸುವಾಗ ಆ ಮಹಡಿಯದು ಅಂತಲ್ಲ, ನಾಲ್ಕೂ ಮಹಡಿಯ ಲೈಟು, ಫ್ಯಾನು, ಎಸಿ ಎಲ್ಲ. ಬೆಳಗಿನ ಹೊತ್ತು ಒಂದು ಕೋಣೆಯೂ ಕತ್ತಲೆಯಲ್ಲಿ ಇರಬಾರದು ಎಂದು ನಮ್ಮತ್ತೆ ಕಲಿಸಿದ್ದಳು, ಅದೊಂದು. ಇನ್ನೊಂದು ಪಂಪ್‌ಸೆಟ್ಟಿನ ಬುದ್ಧಿ. ನಮ್ಮ ತೆಂಗಿನ ತೋಟದ ಬೋರಿಗೆ ತ್ರೀ ಫೇಸ್ ಕರೆಂಟು ಬರುವುದೇ ದಿನಕ್ಕೆ ಇಷ್ಟು ಹೊತ್ತು ಅಂತ. ಬೆಳಗ್ಗೆ ಬರಬಹುದು, ನಡುಮಧ್ಯಾಹ್ನ ಬರಬಹುದು. ಅದಕ್ಕೆ ಊರಲ್ಲಿ ಒಬ್ಬರೂ ಸ್ಟಾರ್ಟರ್ ಆರಿಸುತ್ತಿರಲಿಲ್ಲ. ಆಟೋದಲ್ಲಿ ಹಾಕಿಟ್ಟು ಬಂದುಬಿಡುವುದು. ಕರೆಂಟು ಬಂದಾಗ ಮೋಟಾರು ತಾನೇ ಎದ್ದು ಓಡುತ್ತದೆ, ಹೋದಾಗ ತಾನೇ ನಿಲ್ಲುತ್ತದೆ. ಇದ್ದಾಗ ಹರಿಸಿಕೊಳ್ಳಬೇಕು. ಆರಿಸಿ ಮನೆಗೆ ಬಂದವನನ್ನು ದಡ್ಡ ಅನ್ನುತ್ತಿದ್ದರು. ಮೂವತ್ತು ವರ್ಷ ಹಾಗೆ ಬದುಕಿದ ಕೈ, ಪೇಟೆಗೆ ಬಂದ ಮಾತ್ರಕ್ಕೆ ಆರಿಸುವುದನ್ನು ಕಲಿಯುತ್ತದೆಯೇ.

ಎಸಿ ಹಾಕುತ್ತಿದ್ದದ್ದು ಒರೆಸಿದ ನೆಲ ಬೇಗ ಒಣಗಲಿ ಅಂತ. ಗುಂಡಿ ಒತ್ತಿ ಒತ್ತಿ ಹದಿನಾರಕ್ಕೆ ಇಳಿಸುತ್ತಿದ್ದೆ. ಉರಿ ಜಾಸ್ತಿ ಮಾಡಿದರೆ ಸಾರು ಬೇಗ ಕುದಿಯುತ್ತದಲ್ಲ, ಹಾಗೆ.

ಮೂರನೆಯ ಕಾರಣವೊಂದಿತ್ತು, ಅದೇ ದೊಡ್ಡದು. ಎಲ್ಲ ಹಾಕಿದಾಗ ಕಟ್ಟಡ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಮೂರನೇ ಮಹಡಿಯ ಎಸಿ ಅಂತೂ ಮೊದಲು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಶುರು ಮಾಡುತ್ತಿತ್ತು. ನಮ್ಮ ಯಜಮಾನರು ಎದ್ದಾಗ ಮಾಡುತ್ತಿದ್ದದ್ದೂ ಹಾಗೆಯೇ. ಆರೂವರೆಗೆ ಆ ದೊಡ್ಡ ಮೇಜಿನ ತುದಿಯ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಒಬ್ಬಳೇ ಕೂತು ಉಣ್ಣುವುದಕ್ಕೂ, ಪಕ್ಕದಲ್ಲಿ ಏನಾದರೂ ಸದ್ದು ಮಾಡುತ್ತಿರುವಾಗ ಕೂತು ಉಣ್ಣುವುದಕ್ಕೂ ವ್ಯತ್ಯಾಸವಿದೆ. ಇಲ್ಲ ಅನ್ನುವವರು ಒಂದು ವರ್ಷ ಒಬ್ಬರೇ ಉಂಡು ನೋಡಲಿ.

ಹೋದ ವರ್ಷ ಕಟ್ಟಡದ ಯಜಮಾನರು ಎನರ್ಜಿ ಆಡಿಟ್ ಮಾಡಿಸಿ ಎಂದು ಮ್ಯಾನೇಜರಿಗೆ ಹೇಳಿದರಂತೆ. ಆಡಿಟ್ ಅಂದರೆ ನಾನು ಮೊದಲನೇ ಮಹಡಿಯವರ ಕೆಲಸ ಅಂದುಕೊಂಡೆ. ಇದು ಅದಲ್ಲ. ಕಟ್ಟಡ ಎಲ್ಲೆಲ್ಲಿ ಎಷ್ಟು ಕರೆಂಟು ತಿನ್ನುತ್ತದೆ, ಎಲ್ಲಿ ಸುಮ್ಮನೆ ಸೋರಿಹೋಗುತ್ತದೆ ಎಂದು ಹುಡುಕುವುದು. ಅದಕ್ಕೆ ಬಂದವಳು ಒಬ್ಬ ಇಂಜಿನಿಯರ್ ಹುಡುಗಿ. ಜೀನ್ಸ್ ಪ್ಯಾಂಟು, ಕೊರಳಲ್ಲಿ ಸಣ್ಣ ಲಿಂಗದ ಕರಡಿಗೆ, ಹೆಗಲ ಮೇಲೆ ಯಂತ್ರಗಳ ಚೀಲ. ಬೆಳಕು ಅಳೆಯುವ ಒಂದು ಬಿಲ್ಲೆಯನ್ನು ಮೇಜಿನಿಂದ ಮೇಜಿಗೆ ಇಟ್ಟು ಬರೆದುಕೊಂಡಳು. ಎಸಿಯ ಬಾಯಿಗೆ ಕಡ್ಡಿ ಹಿಡಿದು ಗಾಳಿಯ ತಂಪು ನೋಡಿದಳು. ಟ್ಯೂಬ್‌ಲೈಟುಗಳನ್ನು ಎಣಿಸಿದಳು.

ಸ್ವಿಚ್‌ಬೋರ್ಡಿಗೆ ಬಂದಾಗ ತಬ್ಬಿಬ್ಬಾದಳು. ಆ ಕಟ್ಟಡದ ಸ್ವಿಚ್ಚುಗಳ ಮೇಲೆ ಯಾವುದು ಯಾವುದಕ್ಕೆ ಎಂದು ಬರೆದಿಲ್ಲ. ವೈರಿಂಗ್ ಮಾಡಿದವನು ಮನಸ್ಸಿಗೆ ಬಂದಂತೆ ಮಾಡಿ ಹೋಗಿದ್ದಾನೆ. ಮ್ಯಾನೇಜರಿಗೆ ಗೊತ್ತಿಲ್ಲ, ಅಲ್ಲೇ ಕೂತು ಕೆಲಸ ಮಾಡುವವರಿಗೂ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

“ಅಜ್ಜಿ, ಇದು ಯಾವುದಕ್ಕೆ?”

“ಅದು ಮೂಲೆ ಟ್ಯೂಬಿಗೆ. ಅದರ ಪಕ್ಕದ್ದು ಪ್ಯಾಸೇಜಿಂದು. ಕೆಳಗಡೆದು ಯಾವುದಕ್ಕೂ ಇಲ್ಲ, ಸುಮ್ನೆ ಅದೆ.”

“ಸುಮ್ನೆ ಇದೆಯಾ?”

“ಎಲ್ಲಾ ಆಫೀಸಲ್ಲೂ ಒಬ್ಬ ಇರ್ತಾನಲ್ಲವ್ವ, ಹಂಗೆ.”

ಅವಳು ನಕ್ಕದ್ದು ಕೇಳಿ ಫೋನಿನ ಹುಡುಗಿಯರು ತಿರುಗಿ ನೋಡಿದರು. ಮೂರು ದಿನ ನನ್ನನ್ನು ಜೊತೆಯಲ್ಲೇ ಕರೆದುಕೊಂಡು ತಿರುಗಿದಳು. ಎಂಟು ವರ್ಷದಲ್ಲಿ ಆ ಕಟ್ಟಡದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಇವಳು ಕೇಳಿದ್ದಕ್ಕೆಲ್ಲ ಹೇಳಿದೆ, ಕೇಳದ್ದನ್ನೂ ಹೇಳಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ಹೇಳುವ ಸಂಗತಿ ಅಂತ ತಲೆಗೇ ಹೊಳೆಯಲಿಲ್ಲ.

ಎಸಿಯನ್ನು ಹದಿನಾರಕ್ಕೆ ಇಟ್ಟರೆ ಬೇಗ ತಂಪಾಗುವುದಿಲ್ಲ, ತಂಪಾಗುವ ವೇಗ ಎಷ್ಟಕ್ಕಿಟ್ಟರೂ ಒಂದೇ, ಸುಮ್ಮನೆ ಜಾಸ್ತಿ ಹೊತ್ತು ಓಡುತ್ತದೆ, ಇಪ್ಪತ್ನಾಲ್ಕು ಸಾಕು ಎಂದು ಅವಳೇ ಹೇಳಿದ್ದು. ನಾನು ಸಾರಿನ ಮಾತು ಎತ್ತಿದೆ. “ಇದು ಸಾರಲ್ಲ ಅಜ್ಜಿ. ಬಸ್ಸು ಅಂದ್ಕೊಳಿ. ಡ್ರೈವರ್ ಓಡ್ಸೋ ಸ್ಪೀಡು ಒಂದೇ. ನೀವು ದೂರದ ಊರಿಗೆ ಟಿಕೆಟ್ ತಗೊಂಡ್ರೆ ಬಸ್ಸು ಜೋರಾಗಿ ಹೋಗಲ್ಲ, ದೂರ ಹೋಗುತ್ತೆ ಅಷ್ಟೆ” ಎಂದಳು. ಸರಿ ಅನ್ನಿಸಿತು. ಎಸಿಯ ಜಾಲರಿ ಬಿಚ್ಚಿ ಧೂಳು ತೋರಿಸಿದಾಗ ನನಗೆ ನಾಚಿಕೆಯಾಯಿತು. ಹೊರಗಿನ ಧೂಳು ಒರೆಸಿದ್ದೆ, ಒಳಗೊಂದು ಕಂಬಳಿಯಷ್ಟು ಧೂಳು ಕೂತಿತ್ತು.

ಮೂರನೆಯ ದಿನ ಪ್ಯಾನೆಲ್ ರೂಮಿನಲ್ಲಿ ಒಂದು ಪೆಟ್ಟಿಗೆ ಇಟ್ಟು, ಒಂದೊಂದು ಮಹಡಿಯ ಕೇಬಲ್ಲಿಗೂ ಇಕ್ಕಳದಂಥ ಬಳೆ ಹಾಕಿದಳು.

“ಇದೇನ್ ಮಾಡ್ತದೆ?” ಎಂದೆ.

“ಬರ್ಕೊಳ್ಳುತ್ತೆ ಅಜ್ಜಿ. ಎಷ್ಟೊತ್ತಿಗೆ ಎಷ್ಟು ಕರೆಂಟು ಹೋಯ್ತು ಅಂತ. ಒಂದು ವಾರ ಇರ್ಲಿ. ನೀವೆಲ್ಲಾ ದಿನಾ ಹೇಗಿರ್ತೀರೋ ಹಾಗೇ ಇರಿ, ಏನೂ ಬದಲಾಯಿಸ್ಬೇಡಿ.”

ಕಡಬದ ಕೆರೆಯ ತೂಬು ಎತ್ತಿದಾಗ ನೀರಗಂಟಿ ಬದುವಿನ ಮೇಲೆ ಕೂತಿರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಹೋಯಿತು ಅನ್ನುವುದು ಅವನ ತಲೆಯಲ್ಲೇ ಇರುತ್ತಿತ್ತು. ಒಂದು ಗುಟುಕು ಜಾಸ್ತಿ ಹರಿಸಿಕೊಂಡವನನ್ನು ಊರ ಮುಂದೆ ಹೆಸರು ಹಿಡಿದು ಕರೆಯುತ್ತಿದ್ದ. ಈ ಪೆಟ್ಟಿಗೆಯೂ ಅಂಥದ್ದೇ ಎಂದು ನನಗೆ ಅರ್ಥವಾಗಿತ್ತು. ನೀರಿಗೆ ನೀರಗಂಟಿ ಇದ್ದ, ಕರೆಂಟಿಗೂ ಒಬ್ಬ ಬಂದ. ಆದರೆ ಹರಿಸಿಕೊಂಡವಳು ನಾನು ಎಂದು ಮಾತ್ರ ಅರ್ಥವಾಗಲಿಲ್ಲ. ಹಾಗೇ ಇರಿ ಅಂದಳು, ಹಾಗೇ ಇದ್ದೆ. ಏಳು ದಿನವೂ ಐದೂವರೆಗೆ ಹೋಗಿ ಎಲ್ಲ ಸ್ವಿಚ್ಚೂ ಹಾಕಿದೆ.

ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮ್ಯಾನೇಜರು ಡ್ಯೂಟಿ ಮುಗಿಸಿ ಹೋಗುತ್ತಿದ್ದ ವಾಚ್‌ಮನ್ನನ್ನು ತಡೆದು ನಿಲ್ಲಿಸಿಕೊಂಡರು. ನಾನು ಅವರ ರೂಮಿನ ಗಾಜಿನ ಬಾಗಿಲು ಒರೆಸುತ್ತಿದ್ದೆ. ಒಳಗೆ ಮೇಜಿನ ಮೇಲೆ ಒಂದು ಹಾಳೆ ಇತ್ತು. ಅದರಲ್ಲಿ ಒಂದು ಗೆರೆ ಚಪ್ಪಟೆಯಾಗಿ ಹೋಗಿ, ಇದ್ದಕ್ಕಿದ್ದಂತೆ ಬೆಟ್ಟದ ಹಾಗೆ ಎದ್ದಿತ್ತು. ಪಕ್ಕದಲ್ಲಿ ಕೂತಿದ್ದ ಇಂಜಿನಿಯರ್ ಹುಡುಗಿ ಪೆನ್ನಿನಲ್ಲಿ ಅದನ್ನು ತೋರಿಸಿ ಐದೂವರೆ ಎಂದಳು.

“ದಿನಾ ಐದೂವರೆಗೆ ನಾಲ್ಕು ಮಹಡಿ ಎಸಿ ಯಾರಪ್ಪ ಹಾಕೋದು? ದೆವ್ವಾನಾ?” ಎಂದರು ಮ್ಯಾನೇಜರು.

“ಗೊತ್ತಿಲ್ಲ ಸಾರ್.”

“ಬೀಗದ ಕೈ ಇರೋದು ನಿನ್ನತ್ರ. ಏಳಕ್ಕೆ ಮುಂಚೆ ಒಳಗಿರೋನು ನೀನೊಬ್ನೆ. ಮೇಲ್ಹತ್ತಿ ಎಸಿ ಹಾಕ್ಕೊಂಡು ಮಲಗ್ತೀಯ, ಅಲ್ವ?”

ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದ. ಗಾಜಿನ ಆಚೆ ನಾನಿದ್ದೆ. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ.

“ಸಾರ್, ನಾವು ಜನ ಹಿಡಿಯೋಕೆ ಬಂದಿರೋದಲ್ಲ” ಎಂದಳು ಹುಡುಗಿ.

“ನಿಮ್ಮ ಕೆಲ್ಸ ಅದಲ್ಲ ಮೇಡಂ, ನನ್ ಕೆಲ್ಸ ಅದು. ಸೋಮವಾರದಿಂದ ಬೇರೆಯವ್ರನ್ನ ಕಳ್ಸಿ ಅಂತ ಏಜೆನ್ಸಿಗೆ ಹೇಳ್ತೀನಿ.”

ನಾನು ಬಟ್ಟೆ ಹಿಂಡಿ ಬಕೆಟ್ ಎತ್ತಿಕೊಂಡು ಹೋದೆ. ಆಗಲೇ ಬಾಗಿಲು ತಳ್ಳಿ ಹೇಳಬಹುದಿತ್ತು, ಹೇಳಲಿಲ್ಲ. ಇದನ್ನು ಚಂದ ಮಾಡಿ ಬರೆಯುವುದಿಲ್ಲ. ಹೇಳಿದರೆ ಐದೂವರೆ ಹೋಗುತ್ತದೆ ಎಂದು ಗೊತ್ತಿತ್ತು, ಅದಕ್ಕೆ ಹೇಳಲಿಲ್ಲ. ಅರವತ್ತರ ಹತ್ತಿರ ಬಂದ ವಾಚ್‌ಮನ್ನನ್ನು ಇನ್ನು ಯಾವ ಏಜೆನ್ಸಿಯೂ ತೆಗೆದುಕೊಳ್ಳುವುದಿಲ್ಲ ಅನ್ನುವುದೂ ಗೊತ್ತಿತ್ತು. ಎರಡನ್ನೂ ಹೊತ್ತುಕೊಂಡು ಮನೆಗೆ ಹೋಗಿ, ಉಂಡು, ಮಲಗಿದೆ. ನಿದ್ದೆಯೂ ಬಂತು.

ಮಾರನೆಯ ಬೆಳಗ್ಗೆ ಎಂದಿನ ಹಾಗೆ ಷಟರ್ ಬಡಿದೆ. ಅವನು ಎಂದಿನ ಹಾಗೆ ಎತ್ತಿದ. ಕೋಳಿಯ ಮಾತು ಬರಲಿಲ್ಲ.

“ಯಾಕ್ಲಾ ನನ್ ಹೆಸ್ರು ಹೇಳ್ಲಿಲ್ಲ?” ಎಂದೆ.

“ಹೇಳುದ್ರೆ? ಏಳಕ್ಕೆ ಮುಂಚೆ ಯಾಕ್ ತೆಗ್ದೆ ಅಂತಾರೆ. ಇಬ್ರೂ ಹೋಯ್ತೀವಿ. ಒಬ್ನೇ ಹೋದ್ರೆ ಸಾಕು ಬುಡಕ್ಕ.”

“ಹೋಗಿ ಏನ್ ಮಾಡೀಯ?”

“ಹೆಂಡ್ತಿ ಅವ್ಳೆ. ಬೈಸ್ಕಂಡು ಕೂತಿರ್ತೀನಿ.” ಕುರ್ಚಿ ಎಳೆದುಕೊಳ್ಳುತ್ತ ಸೇರಿಸಿದ. “ನಿಂಗಾದ್ರೆ ಬೈಯೋರೂ ಇಲ್ಲ.”

ಚುಚ್ಚುವುದಕ್ಕೆ ಅಂದದ್ದಲ್ಲ, ಇದ್ದದ್ದನ್ನು ಅಂದ. ನಾನು ಮೇಲೆ ಹೋದೆ. ಆ ದಿನ ಗುಡಿಸುವ ಜಾಗದ ಒಂದೊಂದೇ ಟ್ಯೂಬು ಹಾಕಿ, ಮುಗಿದ ಮೇಲೆ ಆರಿಸುತ್ತ ಬಂದೆ. ಅಷ್ಟರಲ್ಲೇ ಎಲ್ಲ ಕೆಲಸ ಆಗುತ್ತದೆ, ಎಂಟು ವರ್ಷ ಸುಮ್ಮನೆ ಹರಿಸಿದ್ದು ಎಂದು ಗೊತ್ತಾಯಿತು. ಮೂರನೇ ಮಹಡಿಯಲ್ಲಿ ಡಬ್ಬಿ ಬಿಚ್ಚಿದೆ. ನಾನು ಅಗಿಯುವ ಸದ್ದು ನನಗೇ ಕೇಳಿಸಿತು. ಅರ್ಧಕ್ಕೆ ಮುಚ್ಚಿಟ್ಟೆ.

ಹತ್ತು ಗಂಟೆಗೆ ಮ್ಯಾನೇಜರ ರೂಮಿಗೆ ಹೋದೆ. ಹುಡುಗಿ ಪೆಟ್ಟಿಗೆ ಬಿಚ್ಚಿಕೊಂಡು ಹೋಗಲು ಬಂದವಳು ಅಲ್ಲೇ ಕೂತಿದ್ದಳು.

“ಸಾರ್, ಐದೂವರೆಗೆ ಎಸಿ ಹಾಕ್ತಿದ್ದೋಳು ನಾನು.”

ಮ್ಯಾನೇಜರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. “ನಿಮ್ಮ ಡ್ಯೂಟಿ ಏಳೂವರೆಗಲ್ವ ಅಜ್ಜಿ?”

“ಡ್ಯೂಟಿ ಏಳೂವರೆಗೆ. ಎಚ್ರ ಆಗೋದು ನಾಲ್ಕೂವರೆಗೆ. ಷಟರ್ ಬಡ್ದು ಬಡ್ದು ಅವ್ನ ಕೈಲಿ ತೆಗುಸ್ತಿದ್ದೆ. ಅವ್ನು ಎದ್ದು ಮೇಲಕ್ಕತ್ತೋ ಗಿರಾಕಿ ಅಲ್ಲ ಸಾರ್. ಮಂಡಿ ನೋವು.”

ಯಾಕೆ ಹಾಕುತ್ತಿದ್ದಿರಿ ಎಂದು ಹುಡುಗಿ ಕೇಳಿದಳು. ನೆಲ ಒಣಗಲಿ ಅಂತ ಎಂದೆ. ಪಂಪ್‌ಸೆಟ್ಟಿನ ವಿಷಯ ಹೇಳಿದೆ. ಅವಳು ತಲೆ ಆಡಿಸುತ್ತ ಬರೆದುಕೊಂಡಳು. ತಮ್ಮ ತಾತನ ತೋಟದಲ್ಲೂ ಹಾಗೆಯೇ ಎಂದಳು. ಸದ್ದಿನ ವಿಷಯ ಹೇಳಲಿಲ್ಲ. ಅದನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳುತ್ತಾಳೆ.

ಮ್ಯಾನೇಜರು ಬೈಯಲು ಬಾಯಿ ತೆಗೆದರು. ಹುಡುಗಿ ತಡೆದಳು. “ಸಾರ್, ಇವ್ರು ದಿನಾ ಎರಡು ಗಂಟೆ ಜಾಸ್ತಿ ಕೆಲಸ ಮಾಡಿದಾರೆ, ಕಮ್ಮಿ ಅಲ್ಲ. ತಪ್ಪಿರೋದು ಟೈಮಲ್ಲಿ. ಕ್ಲೀನಿಂಗ್‌ನ ಆಫೀಸ್ ಟೈಮಿಗೇ ಹಾಕ್ಬಿಡಿ. ಹೆಂಗಿದ್ರೂ ಆಗ ಲೈಟು ಎಸಿ ಉರೀತಿರುತ್ತೆ. ಎಷ್ಟೋ ಕಡೆ ಈಗ ಹಾಗೇ ಮಾಡ್ತಿದಾರೆ. ನಾನು ರಿಪೋರ್ಟಲ್ಲಿ ಬರೀತೀನಿ.”

ಮ್ಯಾನೇಜರಿಗೆ ಅದು ಹಿಡಿಸಿತು. ವಾಚ್‌ಮನ್ ಇರಲಿ, ಏಳಕ್ಕೆ ಮುಂಚೆ ಷಟರ್ ಎತ್ತಿದರೆ ಮಾತ್ರ ನೋಡಿ ಎಂದರು. ನನ್ನ ಕಡೆ ತಿರುಗಿ, “ನಾಳೆಯಿಂದ ಒಂಬತ್ತೂವರೆಗೆ ಬನ್ನಿ ಅಜ್ಜಿ. ಆರಾಮಾಗಿ ನಿದ್ದೆ ಮಾಡಿ” ಎಂದರು.

ಹುಡುಗಿ ನನ್ನ ಮೊಣಕೈ ಹಿಡಿದಳು. “ಇನ್ಮೇಲೆ ಆ ಕತ್ತಲಲ್ಲಿ ನಡ್ಕೊಂಡು ಬರೋದು ತಪ್ತು ಅಲ್ವಾ ಅಜ್ಜಿ” ಎಂದಳು. ನನಗೆ ಒಳ್ಳೆಯದು ಮಾಡಿದ ಖುಷಿ ಅವಳ ಮುಖದಲ್ಲಿತ್ತು. ಅದನ್ನು ಕೆಡಿಸಿ ನನಗೇನಾಗಬೇಕು. ಹೂಂ ಕಣವ್ವ ಎಂದೆ.

ಜನ ಇರುವಾಗ ಗುಡಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಮಧ್ಯಾಹ್ನ ಯಾರಾದರೂ ಕಾಫಿ ಚೆಲ್ಲಿದರೆ ಹೋಗಿ ಒರೆಸಿದ್ದೇನೆ. ಪೊರಕೆ ಹತ್ತಿರ ಬಂದಾಗ ಕುರ್ಚಿಯಲ್ಲಿ ಕೂತವರು ಕಾಲು ಎತ್ತುತ್ತಾರೆ, ಕಣ್ಣು ಕಂಪ್ಯೂಟರಿನಲ್ಲೇ ಇರುತ್ತದೆ. ಪೊರಕೆ ದಾಟಿದ ಮೇಲೆ ಕಾಲು ಇಳಿಸುತ್ತಾರೆ. ಅವರದ್ದು ತಪ್ಪಲ್ಲ, ಅವರ ಕೆಲಸ ಅವರಿಗೆ. ಆದರೆ ಐವತ್ತು ಜೊತೆ ಎತ್ತಿದ ಕಾಲುಗಳ ನಡುವೆ ಹಾದುಹೋದರೆ, ಖಾಲಿ ಹಾಲಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಒಂಟಿಯಾಗುತ್ತೇನೆ. ಖಾಲಿ ಹಾಲಿನಲ್ಲಿ ನಾನು ಯಾರಿಗೂ ಕಾಣಿಸದಿರುವುದಕ್ಕೆ ಕಾರಣ ಇರುತ್ತದೆ.

ಕೆಳಗೆ ಬಂದರೆ ವಾಚ್‌ಮನ್ ರಸ್ತೆಯಾಚೆ ಟೀ ಅಂಗಡಿಯಲ್ಲಿ ಕೂತಿದ್ದ. ಎಂಟಕ್ಕೆ ಹೋಗಬೇಕಾದವನು ಮ್ಯಾನೇಜರು ಮತ್ತೆ ಕರೆಯಬಹುದು ಎಂದು ಕಾದಿದ್ದನಂತೆ. ವಿಷಯ ಹೇಳಿದೆ.

“ಯಾರಕ್ಕ ಕೇಳುದ್ರು ನಿನ್ನ?” ಎಂದ.

“ನಿನ್ ಹೆಂಡ್ತಿ ನೆಪ್ಪಾದ್ಲು. ರಾತ್ರಿ ಹೊತ್ನಲ್ಲೂ ನಿನ್ ಮಕ ನೋಡ್ಬೇಕಾಯ್ತದಲ್ಲ ಪಾಪ ಅಂತ.”

ಅವನು ನಗಲಿಲ್ಲ. ಲೋಟದ ತಳದಲ್ಲಿದ್ದದ್ದನ್ನು ಚೆಲ್ಲಿ ಎದ್ದ. “ನಾನು ಹೋಗೋದು ಎಂಟಕ್ಕೆ, ನೀನ್ ಬರೋದು ಒಂಬತ್ತೂವರೆಗೆ” ಎಂದ. “ಸಂಜೆ ನೀನ್ ಆರಕ್ಕೆ ಹೊಂಟೋಯ್ತೀಯ, ನಾನ್ ಬರೋದು ಎಂಟಕ್ಕೆ.”

“ಲೆಕ್ಕ ಚೆನ್ನಾಗ್ ಬತ್ತದೆ ನಿಂಗೆ.”

“ಷಟರ್ ಬಡಿಯೋರಿಲ್ಲ. ನಿದ್ದೆ ಮಾಡ್ಬೋದು” ಎಂದ. ಮಫ್ಲರ್ ಸುತ್ತಿಕೊಂಡು ಮೊಪೆಡ್ ಒದ್ದು ಶುರು ಮಾಡಿ ಹೋದ. ತಿರುಗಿ ನೋಡಲಿಲ್ಲ. ನೋಡಿದ್ದರೆ ಬೈಯುತ್ತಿದ್ದೆ. ರಸ್ತೆಯಲ್ಲಿ ಲಾರಿಗಳ ಓಡಾಟ ಹಾಗಿದೆ.

ಮಾರನೆಯ ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಸ್ನಾನ ಮಾಡಿದೆ, ಪೂಜೆ ಮಾಡಿದೆ, ಉಪ್ಪಿಟ್ಟು ಕೆದಕಿ ಡಬ್ಬಿಗೆ ಹಾಕಿದೆ. ಎಷ್ಟು ನಿಧಾನ ಮಾಡಿದರೂ ಐದೂ ಇಪ್ಪತ್ತಾಯಿತು ಅಷ್ಟೇ. ಆಫೀಸಿನ ಕಡೆ ಹೋಗಿ ಮುಚ್ಚಿದ ಷಟರಿನ ಮುಂದೆ ನಿಲ್ಲುವ ಹೆಂಗಸು ನಾನಲ್ಲ. ಬಸ್‌ಸ್ಟ್ಯಾಂಡಿಗೆ ನಡೆದೆ. ಗುಬ್ಬಿಯ ಬಸ್ಸು ಹೊರಡಲು ನಿಂತಿತ್ತು. ಹತ್ತಿ ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತೆ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟ.

“ಗುಬ್ಬೀಲಿ ಯಾರವ್ರೆ ಅಜ್ಜಿ?”

“ಯಾರೂ ಇಲ್ಲ.”

“ಮತ್ತೇನ್ ಕೆಲ್ಸ?”

“ಏನೂ ಇಲ್ಲ ಕಣಪ್ಪ. ಹೋಗಿ ಬರೋದು.”

ಅವನು ಡ್ರೈವರಿನ ಕಡೆ ನೋಡಿ ಹುಬ್ಬು ಹಾರಿಸಿದ. ಹಾರಿಸಲಿ. ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಇಬ್ಬರು ಹೆಂಗಸರು ತಮ್ಮ ನಾದಿನಿಯನ್ನು ದಾರಿಯುದ್ದಕ್ಕೂ ಬೈದರು. ನಾನು ಕೇಳಿಸಿಕೊಂಡೆ. ಗುಬ್ಬಿಯಲ್ಲಿ ಇಳಿದು, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಉಪ್ಪಿಟ್ಟು ತಿಂದೆ, ನಲ್ಲಿಯಲ್ಲಿ ಡಬ್ಬಿ ತೊಳೆದೆ, ತುಮಕೂರಿಗೆ ವಾಪಸು ಹೋಗುವ ಬಸ್ಸು ಹತ್ತಿದೆ. ಒಂಬತ್ತೂ ಇಪ್ಪತ್ತೈದಕ್ಕೆ ಪೊರಕೆ ಕೈಯಲ್ಲಿತ್ತು.